ಕೈಯಲ್ಲಿ ಹಿಡಿದದ್ದು ಸುಡುವುದಿಲ್ಲ

ನನ್ನ ಬಗ್ಗೆ ಒಂದು ಸಂಗತಿ ಹೇಳುತ್ತೇನೆ, ನಗುವುದಿದ್ದರೆ ಈಗಲೇ ನಕ್ಕುಬಿಡಿ. ಸಿಂಧನೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವ, ಊರಿನ ಅರ್ಧ ಜನರಿಗೆ ಟೀಚರಮ್ಮ ಎಂದೇ ಗೊತ್ತಿರುವ ನಾನು ಭಾನುವಾರ ಮಧ್ಯಾಹ್ನ ತಿಪ್ಪಣ್ಣ ಎಂಬ ಕುಳ್ಳ ಕಮ್ಮಾರನಾಗುತ್ತೇನೆ. ತಿಪ್ಪಣ್ಣನಿಗೆ ಹೊಟ್ಟೆಯವರೆಗೆ ಗಡ್ಡವಿದೆ. ಸಿಟ್ಟು ಜಾಸ್ತಿ. ಅಡುಗೆ ಮಾಡಲು ಬರುವುದಿಲ್ಲ, ಮಾಡೆಂದು ಅವನಿಗೆ ಯಾರೂ ಹೇಳುವುದೂ ಇಲ್ಲ. ಈ ಕಾರಣಕ್ಕೇ ನನಗೆ ಅವನ ಮೇಲೆ ಇಷ್ಟು ಪ್ರೀತಿ ಎಂದು ಕಾಣುತ್ತದೆ.

ಇದು ಒಂದು ಆಟ. ನನ್ನ ಮಗಳು ಸಹನಾ ಧಾರವಾಡದಲ್ಲಿ ಎಂ.ಎ. ಓದುವಾಗ ಇದನ್ನು ಹಚ್ಚಿಕೊಂಡಳು. ಈಗ ಇಲ್ಲೇ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಪಾಠಕ್ಕಿಂತ ಹೆಚ್ಚಿನ ತಯಾರಿಯನ್ನು ಭಾನುವಾರಕ್ಕೆ ಮಾಡಿಕೊಳ್ಳುತ್ತಾಳೆ. ನಮ್ಮ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ, ಯೂರಿಯಾ ವಾಸನೆಯ ನಡುವೆ, ನಾವು ನಾಲ್ವರು ಮೇಜಿನ ಸುತ್ತ ಕೂರುತ್ತೇವೆ. ಸಹನಾ ಕತೆ ಹೇಳುತ್ತಾಳೆ. ಮೆಡಿಕಲ್ ಅಂಗಡಿಯ ಪರ್ವೀನ್, ಟ್ರ್ಯಾಕ್ಟರ್ ಶೋರೂಮಿನ ವಿರೂಪಾಕ್ಷಿ ಮತ್ತು ನಾನು ಆ ಕತೆಯೊಳಗಿನ ಪಾತ್ರಗಳು. ಗೋಡೆ ಹತ್ತಬಹುದೇ, ಬಾಗಿಲು ಮುರಿಯಬಹುದೇ, ಬದುಕಿ ಉಳಿಯಬಹುದೇ ಎಂಬುದನ್ನೆಲ್ಲ ಇಪ್ಪತ್ತು ಮುಖಗಳ ಒಂದು ದಾಳ ಹೇಳುತ್ತದೆ. "ಒಂದ್ ಆಳು ಕಡಿಮಿ ಐತವ್ವಾ, ಸುಮ್ನ ಬಂದು ಕುಂದ್ರು ಸಾಕು" ಎಂದು ಮಗಳು ನನ್ನನ್ನು ಕರೆದಳು. ಸುಮ್ಮನೆ ಕೂರುವುದು ನನ್ನಿಂದ ಎಂದೂ ಆಗಿಲ್ಲ. ಈಗ ಅವರೇ ನನ್ನನ್ನು ಸುಮ್ಮನಿರಿಸಲು ಒದ್ದಾಡುತ್ತಾರೆ.

ಮೊದಮೊದಲು ಒಂದು ಭಾನುವಾರ ನಾವು ಒಂದು ಗುಹೆಯಲ್ಲಿದ್ದೆವು. ಎದುರಿಗೆ ಬೆಂಕಿ ಉಗುಳುವ ಒಂದು ಪ್ರಾಣಿ. ಅದಕ್ಕೆ ಅವರು ಡ್ರ್ಯಾಗನ್ ಎನ್ನುತ್ತಾರೆ, ನಾನು ರೆಕ್ಕೆಯ ಉಡ ಎನ್ನುತ್ತೇನೆ. ತಿಪ್ಪಣ್ಣನಿಗೆ ದಣಿವಾಗಿದೆ ಎಂದು ನನಗೆ ಅನ್ನಿಸಿತು, ಹೆಗಲ ಮೇಲಿನ ಸಾಮಾನಿನ ಚೀಲವನ್ನು ಕೆಳಗಿಡಿಸಿದೆ. ಅದೇ ಹೊತ್ತಿಗೆ ಉಡ ಬೆಂಕಿ ಉಗುಳಿತು. ದಾಳ ಹಾಕಿದೆ, ತಿಪ್ಪಣ್ಣ ಉಳಿದ. ಸುತ್ತಿಗೆ, ಚಿಮಟ, ಬುತ್ತಿ ಇದ್ದ ಚೀಲ ಬೂದಿಯಾಯಿತು.

"ಚೀಲ ಕಾಲ ಬಲ್ಲೇ ಇತ್ತು! ನನಗ ಏನೂ ಆಗಿಲ್ಲಂದ್ರ ಅದಕ್ಕ ಹೆಂಗ ಆಕ್ಕೈತಿ?" ಎಂದು ನಾನು ಜಗಳ ತೆಗೆದೆ.

"ಕಾಲ ಬಲ್ಲಿ ಇದ್ರ ಅದು ಬಿದ್ದ ವಸ್ತು ಅವ್ವಾ. ಕೈಯಾಗ ಹಿಡದಿದ್ದು, ಮೈಮ್ಯಾಲ ತೊಟ್ಟಿದ್ದು, ಇಷ್ಟ ಉಳಿಯೋದು. ಕಾಯಿದೆ ಹಂಗ ಐತಿ."

"ನನ್ನ ಹೆಬ್ಬೆಟ್ಟು ಚೀಲಕ್ಕ ಹತ್ತಿತ್ತು."

"ಟೀಚರ್ರೀ, ಹೆಬ್ಬೆಟ್ಟು ಹತ್ತಿದ್ರ ಹಿಡದಂಗ ಅಲ್ರೀ" ಎಂದು ವಿರೂಪಾಕ್ಷಿ ತೀರ್ಪು ಕೊಟ್ಟ. ಅವನ ಚೀಲ ಅವನ ಹೆಗಲ ಮೇಲಿತ್ತು, ನ್ಯಾಯ ಹೇಳಲು ಅವನಿಗೆ ಏನು ಕಷ್ಟ?

ಅಂದು ಸಂಜೆ ಮಗಳ ದಪ್ಪ ಪುಸ್ತಕ ತೆಗೆದು ವಸ್ತುಗಳ ರಕ್ಷಣೆಯ ಕಾಯಿದೆಗಳನ್ನೆಲ್ಲ ಓದಿದೆ. ಗಣಿತದವಳಾದ ನನಗೆ ಅದರ ಅಚ್ಚುಕಟ್ಟುತನ ಹಿಡಿಸಿತು. ಯಾರೂ ಮುಟ್ಟದೆ ಬಿದ್ದಿರುವ ಮಡಕೆಗೆ, ಕುರ್ಚಿಗೆ, ಚೀಲಕ್ಕೆ ದಾಳ ಹಾಕುವ ಹಕ್ಕೇ ಇಲ್ಲ, ಬೆಂಕಿ ಬಂದರೆ ಸುಡಬೇಕು. ಮಂತ್ರಿಸಿದ ಕತ್ತಿಯೋ ಉಂಗುರವೋ ಆದರೆ ಅದು ತನ್ನ ಪಾಲಿನ ದಾಳ ತಾನೇ ಹಾಕಿಸಿಕೊಳ್ಳಬಹುದು. ಇನ್ನು ಯಾರದೋ ಕೈಯಲ್ಲಿ ಅಥವಾ ಮೈಮೇಲೆ ಇರುವ ವಸ್ತು, ಅದು ಹರಿದ ಹತ್ತಿ ಅಂಗಿಯೇ ಇರಲಿ, ಹಿಡಿದವರ ಆಸರೆಯಲ್ಲಿ ಉಳಿದುಬಿಡುತ್ತದೆ. ಎಂಥ ಮಾನವೀಯ ಕಾಯಿದೆ ಎಂದು ನಾನು ಕರಗಿಹೋದೆ. ಸಹನಾ ನಕ್ಕಳು. "ಮಾನವೀಯತಿ ಅಲ್ಲವ್ವ, ಬ್ಯಾಸರಕಿ. ಒಂದೊಂದ್ ಸಲ ಬೆಂಕಿ ಬಂದಾಗೂ ಎಲ್ಲಾರ ಗುಂಡಿ, ಲಾಡಿ, ಚಪ್ಪಲಿ ಸುಟ್ಟಾವೇನು ಅಂತ ಲೆಕ್ಕ ಹಾಕ್ಕೋಂತ ಕುಂತ್ರ ಆಟ ಮುಂದ ಹೋಗಂಗಿಲ್ಲ." ಆಡುವವರ ಅನುಕೂಲಕ್ಕೆ ಹುಟ್ಟಿದ ಕಾಯಿದೆಯೊಳಗೆ ನಾನು ಕರುಣೆ ಹುಡುಕಿದ್ದೆ. ಮನೆಯಲ್ಲೂ ಈ ತಪ್ಪು ಮಾಡುತ್ತಿರುತ್ತೇನೆ.

ಅದರಲ್ಲೇ ಇನ್ನೊಂದು ಸಾಲು ಇತ್ತು. ತೊಟ್ಟವರು ಸತ್ತರೆ ಮೈಮೇಲಿನದೆಲ್ಲ ಬಿದ್ದ ವಸ್ತುವಿನ ಲೆಕ್ಕ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಒಮ್ಮೆ ಪರ್ವೀನಳ ಪಾತ್ರ ಬಾಣ ತಗಲಿ ಸತ್ತಾಗ ವಿರೂಪಾಕ್ಷಿ ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಬೂಟು ಕಳಚಿಕೊಂಡ. ಪರ್ವೀನ್ ಆ ವಾರವೆಲ್ಲ ಅವನ ಜತೆ ಮಾತು ಬಿಟ್ಟಳು. "ಜೀವ ಹೋಗೂದು ಕಾಯಲಿಲ್ಲ ನೋಡ್ರಿ ಆಂಟಿ ಇಂವಾ!" ಎಂದು ನನ್ನ ಹತ್ತಿರ ದೂರು ಹೇಳಿದಳು.

ಆಮೇಲೆ ನನಗೆ ಎಲ್ಲಿ ನೋಡಿದರೂ ಇದೇ ಕಾಯಿದೆ ಕಾಣತೊಡಗಿತು. ಲಿಂಗಸುಗೂರಿನ ಬಸ್ಸು ನಿಲ್ದಾಣಕ್ಕೆ ತಿರುಗುವ ಮೊದಲೇ ಜನ ಓಡಿಹೋಗಿ ಕಿಟಕಿಯೊಳಗಿಂದ ಟವೆಲ್ ಎಸೆಯುತ್ತಾರಲ್ಲ, ಆ ಟವೆಲ್ ಏನು? ಅದನ್ನು ಯಾರೂ ಹಿಡಿದಿಲ್ಲ, ತೊಟ್ಟಿಲ್ಲ, ಆದರೂ ಅದರ ಮೇಲೆ ಕೂರುವ ಧೈರ್ಯ ಪೈಲ್ವಾನನಿಗೂ ಇಲ್ಲ. ಮಂತ್ರಿಸಿದ ವಸ್ತು ಎಂದರೆ ಅದೇ. ವಿರೂಪಾಕ್ಷಿ ಅಮಾವಾಸ್ಯೆ ಬಂತೆಂದರೆ ಶೋರೂಮಿನ ಅಷ್ಟೂ ಟ್ರ್ಯಾಕ್ಟರುಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾನೆ. ಕಂಪನಿಯ ಗ್ಯಾರಂಟಿ ಎಂಜಿನ್ನಿಗೆ, ನಿಂಬೆಹಣ್ಣಿನ ಗ್ಯಾರಂಟಿ ನೆರೆಯವರ ಕಣ್ಣಿಗೆ. ನನ್ನ ತವರು ಪಾಮನಕಲ್ಲೂರಿನಲ್ಲಿ ನಮ್ಮಜ್ಜ ಜೋಳದ ರಾಶಿ ಮಾಡಿದ ದಿನ ಅದರ ಸುತ್ತ ಬೂದಿಯ ಗೆರೆ ಎಳೆದು, ಆಮೇಲೆ ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತಿದ್ದ. ನಾಯಿಗೂ ಆ ಗೆರೆ ಗೊತ್ತಿದೆ ಎಂದು ಅವನ ವಾದ. ನಾಯಿ ಗೆರೆ ದಾಟಿದ್ದನ್ನು ನಾನೇ ಕಂಡಿದ್ದೇನೆ, ಅಜ್ಜನಿಗೆ ಹೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಕೊರಳಲ್ಲಿದೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಚಿಕ್ಕಂದಿನಲ್ಲೇ ಕೊರಳಿಗೆ ಬಂದ, ಲಿಂಗವಿಟ್ಟ ಬೆಳ್ಳಿ ಕರಡಿಗೆ ಸ್ನಾನದಲ್ಲೂ ನಿದ್ದೆಯಲ್ಲೂ ಮೈಯಿಂದ ಅಗಲಬಾರದು ಎಂದು ಅವ್ವ ಕಣ್ಣು ಬಿಡುತ್ತಿದ್ದಳು. ಅದು ನನ್ನನ್ನು ಕಾಯುತ್ತದೋ, ನಾನು ಅದನ್ನು ಕಾಯುತ್ತೇನೋ ಎಂದು ಕೇಳಿದ್ದಕ್ಕೆ "ಬಾಯಿ ಭಾಳ ಆತು ನಿಂದು" ಎಂದು ಉತ್ತರ ಬಂತು. ಆಟದ ಪುಸ್ತಕ ಓದಿದ ಮೇಲೆ ನನಗೆ ಅರ್ಥವಾದಂತೆ ಅನ್ನಿಸಿತು. ಮೈಗೆ ತಾಗಿದ ವಸ್ತುವನ್ನು ಮೈಯಿಂದ ಬೇರೆ ಮಾಡಿ ಲೆಕ್ಕ ಹಿಡಿಯಬಾರದು, ಅಷ್ಟೇ. ಇದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ನಾನು ನಾಲ್ಕು ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ತಲೆ ತಿಂದೆ.

ಆ ಹೆಮ್ಮೆ ಲಿಂಗಸುಗೂರಿನಲ್ಲಿ ಇಳಿಯಿತು.

ನನ್ನ ತಂಗಿ ಶಾಂತಾಳನ್ನು ಲಿಂಗಸುಗೂರಿಗೆ ಕೊಟ್ಟಿತ್ತು. ಅವಳ ಗಂಡ ಶರಣಪ್ಪ ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ, ಇಬ್ಬರೂ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದರು. ಮಕ್ಕಳಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಶಿಫ್ಟು ಮುಗಿಸಿ ಬಂದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ, ದವಾಖಾನೆ ಮುಟ್ಟುವುದರೊಳಗೆ ಮುಗಿಯಿತು. ಲಿಂಗಸುಗೂರಿನ ಹಿರಿಯರ ಮನೆಗೆ ಹೆಣ ತಂದರು. ಸಿಂಧನೂರಿನಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಗಂಡಸರು ಅವನನ್ನು ಹೊಲಕ್ಕೆ ಒಯ್ದಿದ್ದರು, ಹೆಂಗಸರು ಶಾಂತಾಳ ಸುತ್ತ ಕೂತಿದ್ದರು. ಅವಳ ಕೊರಳಲ್ಲಿ ಯಾವಾಗಲೂ ಎರಡು ವಸ್ತುಗಳಿರುತ್ತಿದ್ದವು. ಕರಡಿಗೆಯನ್ನು ಬಿಟ್ಟಿದ್ದರು, ತಾಳಿಯನ್ನು ತೆಗೆದಿದ್ದರು. ಕಾಲುಂಗುರವೂ ಹೋಗಿತ್ತು. ಬಳೆ ಮಾತ್ರ ಉಳಿದಿದ್ದವು. ಮಣ್ಣು ಕೊಟ್ಟು ಗಂಡಸರು ತಿರುಗಿ ಬಂದ ಮೇಲೆ ಬಳೆ ಒಡೆಯುವುದು ಆ ಮನೆಯ ಪದ್ಧತಿ.

ನಮ್ಮ ಧರ್ಮದಲ್ಲಿ ಇಂಥದ್ದೆಲ್ಲ ಇಲ್ಲ ಎಂದು ಭಾಷಣದಲ್ಲಿ ಚೆನ್ನಾಗಿ ಹೇಳುತ್ತಾರೆ. ನಾನೇ ಶಾಲೆಯ ಜಯಂತಿಗಳಲ್ಲಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ.

ಶಾಂತಾ ನನ್ನ ಭುಜಕ್ಕೆ ಹಣೆ ಹಚ್ಚಿ ಕಿವಿಯಲ್ಲಿ ಹೇಳಿದಳು: "ಅಕ್ಕಾ, ಬಳಿ ಒಡಿಸಬ್ಯಾಡ. ಇವು ಅವ್ವ ಬಳಿ ಇಡಿಸಿದ ಕೈ. ಅವ್ರು ಬರೂಕಿಂತ ಮೊದ್ಲೂ ಇದ್ದುವು."

ಅವಳು ಬೇಡಿದ್ದು ಇಷ್ಟೇ. ತಾಳಿ ಕೊಟ್ಟವನ ಜತೆ ತಾಳಿ ಹೋಗಲಿ ಎಂದು ಅವಳೇ ಕೊರಳು ಬಾಗಿಸಿದ್ದಳಂತೆ. ಬಳೆ ಹಾಗಲ್ಲ. ತೊಟ್ಟಿಲಲ್ಲಿದ್ದಾಗ ಕರಿಬಳೆ, ಆಮೇಲೆ ಜಾತ್ರೆಯ ಬಳೆ, ಹಬ್ಬದ ಬಳೆ, ನಮ್ಮಿಬ್ಬರಿಗೂ ಒಂದೇ ಬಳೆಗಾರ, ಒಂದೇ ಬಣ್ಣ. ಅವಳ ಕೈ ಸಣ್ಣದು, ಬಳೆಗಾರ ಅವಳನ್ನು ಹೊಗಳುತ್ತಿದ್ದ. ನನ್ನ ಕೈ ಹಿಡಿದಾಗ ಅವನಿಗೆ ಬೆವರು ಬರುತ್ತಿತ್ತು.

ಏನು ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಓದಿದವಳು, ನಾಲ್ಕು ಮಂದಿಯ ಮುಂದೆ ಮಾತಾಡುವವಳು, ಅಂಥ ಹೊತ್ತಿನಲ್ಲಿ ತಲೆಗೆ ಬಂದದ್ದು ಮಗಳ ಆಟದ ಪುಸ್ತಕ. ಅವಳ ಎರಡೂ ಮುಂಗೈಗಳನ್ನು ನನ್ನ ಎರಡು ಕೈಗಳಲ್ಲಿ, ಬಳೆ ಸಮೇತ, ಬಿಗಿಯಾಗಿ ಹಿಡಿದುಕೊಂಡು ಕೂತೆ. ಹೆಬ್ಬೆಟ್ಟು ತಾಗಿಸಿ ಅಲ್ಲ, ಬರೋಬ್ಬರಿ ಹಿಡಿದೆ. ಅಕ್ಕನಿಗೆ ತಂಗಿಯ ಮೇಲೆ ಎಷ್ಟು ಜೀವ ನೋಡು ಎಂದು ಸುತ್ತಲಿನವರು ಕಣ್ಣೊರೆಸಿಕೊಂಡರು. ಅವರಿಗೆ ನಾನು ಕಾಯಿದೆ ಪಾಲಿಸುತ್ತಿರುವುದು ತಿಳಿಯಲಿಲ್ಲ.

ಗಂಡಸರು ತಿರುಗಿ ಬಂದರು. ಶರಣಪ್ಪನ ಸೋದರತ್ತೆ ಗೌರಮ್ಮ ಎದ್ದಳು. ಎಂಬತ್ತರ ಹತ್ತಿರದ ಮುದುಕಿ, ಆ ಮನೆಯ ಎಲ್ಲ ಸಾವುಗಳಲ್ಲೂ ಅವಳದೇ ಹಿರಿತನ.

"ಟೀಚರಮ್ಮಾ, ಕೈ ಬಿಡವಾ. ಹೊತ್ತಾಗಾಕತ್ತೈತಿ."

"ಬಿಡಂಗಿಲ್ಲ ಅತ್ತಿ. ಬಳಿ ಇರ್ಲಿ."

"ಇರ್ಲಿ ಅಂದ್ರ? ಮಂದಿ ಏನಂತಾರ?"

"ಮಂದಿ ಕೈ ಅಲ್ಲ ಅತ್ತಿ ಇದು, ಶಾಂತಾನ ಕೈ."

ಗೌರಮ್ಮ ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೀರೆಯ ಸೆರಗು ಸರಿಸಿ ತನ್ನ ಬರಿಗೈ ಎರಡನ್ನೂ ನನ್ನ ಮುಖದ ಮುಂದೆ ಚಾಚಿದಳು. "ಇವನ್ನ ಬರಿದು ಮಾಡಿದಾಗ ನನಗ ಇನ್ನಾ ಮೀಸಿ ಬರದ ತಮ್ಮ ಇದ್ದ, ಅಕ್ಕ ಇದ್ಳು, ಹಡದಾಕಿ ಇದ್ಳು. ಯಾರು ಹಿಡದಿದ್ರು ನನ್ನ ಕೈ? ಇಕಿಗೇನು ಬ್ಯಾರೆ ಕಾಯಿದೆ?"

ತನ್ನದನ್ನು ಯಾರೂ ಉಳಿಸಲಿಲ್ಲ ಎಂಬ ನೋವಿನಿಂದ ಇನ್ನೊಬ್ಬಳದು ಉಳಿಯಲಿ ಎನ್ನಿಸಬೇಕಲ್ಲವೇ? ಅನ್ನಿಸುವುದಿಲ್ಲ. ತನಗೆ ಆದದ್ದು ಕಾಯಿದೆ ಆಗಿರಲೇಬೇಕು ಅನ್ನಿಸುತ್ತದೆ, ಕಾಯಿದೆ ಅಲ್ಲದಿದ್ದರೆ ಅದು ಬರೀ ಕ್ರೌರ್ಯವಾಗಿಬಿಡುತ್ತದೆ, ಅಷ್ಟು ವರ್ಷ ಅದನ್ನು ಹೊತ್ತುಕೊಂಡು ಬದುಕುವುದು ಹೇಗೆ? ಆ ಮುದುಕಿಯ ಮೇಲೆ ನನಗೆ ಸಿಟ್ಟು ಬಂತು, ಆ ಸಿಟ್ಟಿನ ಜತೆಗೇ ಮರುಕವೂ ಬಂತು. ಕೈ ಮಾತ್ರ ಬಿಡಲಿಲ್ಲ. ಬೆರಳು ಜೋಮು ಹಿಡಿದವು. ಹೊಟ್ಟೆ ಹಸಿದ ಗಂಡಸರು ಹೊರಗಿನಿಂದ "ಆತೇನವಾ?" ಎಂದು ಕೇಳತೊಡಗಿದರು. ಕಡೆಗೆ ಗೌರಮ್ಮ "ಏನರ ಮಾಡ್ಕೋರಿ, ನಾಳೆ ನನಗ ಹೇಳಬ್ಯಾಡ್ರಿ" ಎಂದು ಕೂತುಬಿಟ್ಟಳು. ಬಳೆ ಉಳಿದವು.

ಆಮೇಲೆ ಒಂದು ಮಾತು ಕಿವಿಗೆ ಬಿತ್ತು. ಶರಣಪ್ಪನನ್ನು ಹೊಸ ಧೋತರ ಉಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಅವನ ಲಿಂಗ ಇಟ್ಟು, ಕೂರಿಸಿ ಮಣ್ಣು ಕೊಟ್ಟರು. ಅದು ನಮ್ಮ ಪದ್ಧತಿ. ಮುಂಗೈಯ ಗಡಿಯಾರ ಬಿಚ್ಚಲು ಯಾರೋ ಹೋದಾಗ ಅವನ ತಮ್ಮ ತಡೆದನಂತೆ: "ಇರ್ಲಿ ಬಿಡ್ರಿ, ಅಣ್ಣ ಎಂದೂ ಶಿಫ್ಟಿಗೆ ತಡ ಮಾಡಿದಾಂವಲ್ಲ." ಅದನ್ನು ಕೇಳಿ ಎಲ್ಲರೂ ಅತ್ತರಂತೆ. ನನಗೂ ಅಳು ಬಂತು, ಶರಣಪ್ಪ ಒಳ್ಳೆಯವನು. ಆದರೆ ಅಳುತ್ತಲೇ ನನ್ನ ಗಣಿತದ ತಲೆ ಲೆಕ್ಕ ಹಾಕಿತು. ಮಗಳ ಆಟದಲ್ಲಿ ಸತ್ತವರ ಮೈಮೇಲಿನದನ್ನು ಎತ್ತಿಕೊಳ್ಳಬಹುದು, ಬದುಕಿದವರದನ್ನು ಮುಟ್ಟುವಂತಿಲ್ಲ. ನಮ್ಮಲ್ಲಿ ಸತ್ತವನ ಮೈಮೇಲಿನದನ್ನು ಯಾರೂ ಮುಟ್ಟಲಿಲ್ಲ. ಸತ್ತವರಿಗೆ ಹಚ್ಚುವ ಕಾಯಿದೆಯನ್ನು ಎದುರಿಗೆ ಉಸಿರಾಡುತ್ತ ಕೂತವಳಿಗೆ ಹಚ್ಚಿದರು. ವಿರೂಪಾಕ್ಷಿ ಬೂಟು ಕಳಚಿದ್ದಕ್ಕೆ ಒಂದು ವಾರ ಮಾತು ಬಿಟ್ಟ ಪರ್ವೀನ್ ಅಲ್ಲಿದ್ದರೆ ಎಷ್ಟು ಜನರ ಜತೆ ಮಾತು ಬಿಡಬೇಕಾಗುತ್ತಿತ್ತು!

ಸಿಂಧನೂರಿಗೆ ಬಂದು ನಾನು ಗೆದ್ದ ಕತೆಯನ್ನು ಮೇಜಿನ ಸುತ್ತ ಹೇಳಿದೆ. ಹೇಳುವಾಗ ದನಿ ಸ್ವಲ್ಪ ಏರಿತ್ತು, ತಿಪ್ಪಣ್ಣನ ಗಡ್ಡ ನನಗೇ ಬಂದಂತಿತ್ತು. ಪರ್ವೀನ್ ಚಪ್ಪಾಳೆ ತಟ್ಟಿದಳು. ಸಹನಾ ಮಾತ್ರ ಪೆನ್ಸಿಲ್ ತಿರುಗಿಸುತ್ತ, "ಆಟದಾಗ ಕಾಯಿದೆ ಬದಲಿ ಮಾಡಬೇಕಂದ್ರ ಮೇಜಿನ ಸುತ್ತ ಕುಂತೋರೆಲ್ಲ ಒಪ್ಪಬೇಕು ಅವ್ವಾ. ಅಲ್ಲಿ ಒಪ್ಯಾರೇನು?" ಎಂದಳು. ಮಕ್ಕಳನ್ನು ಓದಿಸಬಾರದು ಎಂದು ನನಗೆ ಆಗಾಗ ಅನ್ನಿಸುವುದುಂಟು.

ಅವರು ಒಪ್ಪಿರಲಿಲ್ಲ ಎಂಬುದು ಮಸ್ಕಿಯಲ್ಲಿ ಗೊತ್ತಾಯಿತು. ಶಾಂತಾಳ ನಾದಿನಿಯ ಮನೆ ಅಲ್ಲಿದೆ. ಆ ನಾದಿನಿಯ ಮಗಳಿಗೆ ಗಂಡು ಮಗು, ಅದಕ್ಕೆ ಹೆಸರಿಡುವ ಕಾರ್ಯ. ಆ ಹುಡುಗಿ ಹಟ್ಟಿಯಲ್ಲಿ ಶಾಂತಾಳ ಕ್ವಾರ್ಟರ್ಸಿನಲ್ಲೇ ಉಳಿದು ಹೈಸ್ಕೂಲು ಮುಗಿಸಿದವಳು, ಶಾಂತಾಳ ಕೈತುತ್ತು ಉಂಡವಳು. ಶಾಂತಾ ಮಗುವಿಗೆಂದು ತಾನೇ ಕುಂಚಿಗೆ ಹೊಲಿದಿದ್ದಳು. ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಆ ಕೂಸಿನ ಉಡುಪಿಗೆ ಖಣದ ಬಟ್ಟೆ, ಅಂಚಿಗೆ ಜರಿ, ಒಳಗೆ ಮೆತ್ತನೆಯ ಹಳೆ ಸೀರೆಯ ಅಸ್ತರಿ. ನನ್ನನ್ನೂ ಜತೆಗೆ ಕರೆದುಕೊಂಡು ಹೋದಳು.

ಬರಿಗೈಯಲ್ಲಿ ಬಂದಿದ್ದರೆ ಅವಳಿಗೆ ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಜಾಗವಿತ್ತು. ಹಿಂದಿನ ಸಾಲು, ಗೋಡೆಯ ಪಕ್ಕ, ಗೌರಮ್ಮನ ಹತ್ತಿರ. ಬಳೆ ಹಾಕಿಕೊಂಡು ಬಂದವಳನ್ನು ಎಲ್ಲಿ ಕೂರಿಸಬೇಕು ಎಂದು ಆ ಮನೆಗೆ ತಿಳಿಯಲಿಲ್ಲ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದನ್ನು ಹೇಳಬೇಕು. ಕುಂಕುಮದ ತಟ್ಟೆ ನನ್ನ ಹತ್ತಿರ ಬಂತು, ಆಮೇಲೆ ಶಾಂತಾಳ ಆಚೆ ಕೂತವಳ ಹತ್ತಿರ ಹೋಯಿತು. ಉಡಿ ತುಂಬುವವರು ನನಗೆ ತುಂಬಿದರು, ಮುಂದೆ ಸರಿದರು. ತೊಟ್ಟಿಲ ಶಾಸ್ತ್ರ ಶುರುವಾದಾಗ ಶಾಂತಾ ಮಗು ನೋಡಲು ಎದ್ದಳು. ಬಳೆ ಸದ್ದಾಯಿತು, ತೊಟ್ಟಿಲ ಸುತ್ತ ನಿಂತವರೆಲ್ಲ ತಿರುಗಿ ಅವಳ ಕೈ ನೋಡಿದರು. ನಾದಿನಿ ನಗುತ್ತಲೇ ಬಂದು "ಕೊಡು ವೈನಿ, ನಾ ತೊಡಸ್ತೀನಿ" ಎಂದು ಕುಂಚಿಗೆ ಇಸಿದುಕೊಂಡಳು. ಮಗುವಿಗೆ ಅಂಗಡಿಯಿಂದ ತಂದ ಬೇರೆ ಕುಂಚಿಗೆ ತೊಡಿಸಿದರು. ಶಾಂತಾಳದು ಹೊರಸಿನ ಮೇಲೆ, ಬಿಚ್ಚಿದ ಕಾಗದದ ಪೊಟ್ಟಣಗಳ ನಡುವೆ ಬಿದ್ದಿತ್ತು. ಮಗುವಿನ ತಾಯಿ, ಆ ಹುಡುಗಿ, ಅದನ್ನು ನೋಡಿದಳು, ತಲೆ ತಗ್ಗಿಸಿದಳು.

ಕೈ ಹಿಡಿದುಕೊಳ್ಳೋಣವೆಂದು ನಾನು ತಂಗಿಯ ಕಡೆ ಕೈ ಚಾಚಿದೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

ಅವತ್ತು ಸಂಜೆ ನಮ್ಮ ಮನೆಗೆ ಬಂದು ಮುಖ ತೊಳೆದವಳು ಬಚ್ಚಲಿನಿಂದಲೇ "ಅಕ್ಕಾ, ಸಾಬಾನ ಎಲ್ಲಿ ಇಟ್ಟೀ?" ಎಂದು ಕೇಳಿದಳು. ಸೋಪು ಕೊಡಲು ಹೋದಾಗ ಅವಳು ಮುಂಗೈಗೆ ನೀರು ಸುರಿದುಕೊಳ್ಳುತ್ತಿದ್ದಳು. ನನಗೆ ತಿಳಿಯಿತು.

"ಯಾಕ ಶಾಂತಾ? ನಾ ಅಷ್ಟು ಬಡದಾಡಿ ಉಳಿಸೀನಿ."

"ಉಳಿಸೀದಿ ಅಕ್ಕಾ. ನೀ ಉಳಿಸ್ದಿ, ನೀ ನಿನ್ನ ಮನಿಗೆ ಬಂದಿ. ದಿನಾ ಆ ಮಂದಿಯೊಳಗ ಇರಾಕಿ ನಾನು. ಬಳಿ ಇಲ್ಲಂದ್ರ ಹಿಂದರ ಕುಂದ್ರಸ್ತಾರ. ಬಳಿ ಇದ್ರ ಎಲ್ಲೂ ಕುಂದ್ರಸಂಗಿಲ್ಲ. ಆ ಕೂಸಿನ ಮಾರಿ ನಾ ಇನ್ನಾ ನೋಡಿಲ್ಲ."

ಅವಳ ಕೈ ಸಣ್ಣದು, ಬಳೆಗಾರ ಹೊಗಳುತ್ತಿದ್ದುದು ಸುಳ್ಳಲ್ಲ. ಸೋಪಿನ ನೊರೆಯಲ್ಲಿ ಹೆಬ್ಬೆರಳು ಮಡಿಚಿ ಒಂದೊಂದಾಗಿ ಕಳಚಿದಳು. ಒಂದೂ ಒಡೆಯಲಿಲ್ಲ. ತೊಳೆದು, ಸೆರಗಿನಿಂದ ಒರೆಸಿ, ಎಲ್ಲವನ್ನೂ ನನ್ನ ಕೈಯಲ್ಲಿಟ್ಟಳು. "ಹಿಡಕೋ. ನಿನ್ನ ಕೈಯಾಗಿದ್ರ ಏನೂ ಆಗಂಗಿಲ್ಲ" ಎಂದಳು. ಅಣಕಿಸಿದಳೋ, ನಿಜವಾಗಿಯೇ ಹೇಳಿದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಕೈಗೆ ಅವು ಏರುವುದೂ ಇಲ್ಲ. ಮರುದಿನ ಅವಳು ಲಿಂಗಸುಗೂರಿನ ಬಸ್ಸು ಹತ್ತಿದಳು. ಮುಂದಿನ ವಾರ, ಮಸ್ಕಿಗೆ ಹೋಗಿ ಮಗುವನ್ನು ಎತ್ತಿಕೊಂಡೆ ಎಂದು ಫೋನು ಮಾಡಿದಳು. ದನಿಯಲ್ಲಿ ಖುಷಿಯಿತ್ತು, ಆ ಖುಷಿಯೇ ನನ್ನನ್ನು ಬಹಳ ದಿನ ಉಣಗೊಡಲಿಲ್ಲ.

ಭಾನುವಾರ ಮತ್ತೆ ಪುಸ್ತಕ ತೆಗೆದೆ. ಕನ್ನಡಕ ಒರೆಸಿಕೊಂಡು ವಸ್ತುಗಳ ರಕ್ಷಣೆಯ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಲ್ಲ ಸರಿಯಾಗಿಯೇ ಇತ್ತು. ನಾನು ಹಿಡಿದೆ, ಬಳೆಗೆ ಏನೂ ಆಗಲಿಲ್ಲ, ಕಾಯಿದೆ ಹೇಳುವುದು ಅಷ್ಟನ್ನೇ. ತೊಟ್ಟವರಿಗೆ ಏನಾಗುತ್ತದೆ ಎಂಬುದು ಇದರಲ್ಲಿ ಎಲ್ಲಿದೆ ಎಂದು ಸಹನಾಳನ್ನು ಕೇಳಿದೆ. ಅವಳು ಪುಟ ಮಗುಚಿದಳು. ಅದು ಬೇರೆ ಅಧ್ಯಾಯವಂತೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ದಾಳ ತಾವೇ ಹಾಕಬೇಕಂತೆ, ಪಕ್ಕದಲ್ಲಿ ಕೂತು ಯಾರು ಎಷ್ಟು ಬಿಗಿಯಾಗಿ ಕೈ ಹಿಡಿದರೂ ಲೆಕ್ಕಕ್ಕೆ ಬರುವುದಿಲ್ಲವಂತೆ.